ನಮ್ಮ ಕಾಕುವಿನ ಕೈ ತಪಾಸಣೆ

ನಮ್ಮ ಕಾಕುವಿನ ಕಾಲಿಗೆ ನಮಸ್ಕಾರ ಮಾಡಿದರೆ ಆಶೀರ್ವಾದ ಸಿಗುವುದಿಲ್ಲ, ಮೊದಲು ಉಗುರಿನ ತಪಾಸಣೆ ಆಗುತ್ತದೆ! ಬಗ್ಗಿದವರ ಕೈಯನ್ನು ಅಲ್ಲೇ ಹಿಡಿದು, ಬೆಳಕಿಗೆ ತಿರುಗಿಸಿ, ಕನ್ನಡಕ ಏರಿಸಿ ನೋಡುತ್ತಾಳೆ. ಪಾಸಾದರೆ ಮಾತ್ರ "ನೂರು ವರ್ಷ ಬಾಳು". ನಪಾಸಾದರೆ, "ಮೊದಲ ನಳದ ಕಡೆ ಹೋಗು. ನೂರು ವರ್ಷ ಆಮ್ಯಾಲ ಬಾಳುವಂತಿ!"

ಕಾಕು ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಖಾನಾಪುರದವಳು. ಮೂವತ್ತು ವರ್ಷ ಆ ತಾಲೂಕಿನ ಹಳ್ಳಿಗಳಲ್ಲಿ ಸರಕಾರಿ ನರ್ಸಬಾಯಿಯಾಗಿ ತಿರುಗಿದಳು. ಎಷ್ಟು ಹೆರಿಗೆ ಮಾಡಿಸಿದಳೋ ಅವಳಿಗೇ ಲೆಕ್ಕವಿಲ್ಲ. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳ ಜೊತೆ ನಿಂತರೆ ಮೀಸೆ ಬಂದ ಗಂಡಸರು ಬಂದು "ನಮಸ್ಕಾರ್ರೀ ಬಾಯಾರ" ಅನ್ನುತ್ತಾರೆ. "ಇಂವಾ ಕಾಲ ಮುಂದ ಮಾಡಿ ಹುಟ್ಟಿದಾಂವ" ಎಂದು ಆಕೆ ಎಲ್ಲರೆದುರು ಪರಿಚಯ ಮಾಡಿಕೊಡುತ್ತಾಳೆ! ಸರಕಾರ ಅವಳನ್ನು ನಿವೃತ್ತಿ ಮಾಡಿ ಹಾರ ಹಾಕಿ ಕಳಿಸಿತು. ಹಾರವನ್ನು ಒಪ್ಪಿಕೊಂಡಳು, ನಿವೃತ್ತಿಯನ್ನು ಒಪ್ಪಲಿಲ್ಲ.

ಅವಳ ಕೈ ತೊಳೆಯುವ ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಹಳ್ಳಿಯ ಸೂಲಗಿತ್ತಿಯರಿಗೆ ಗಡಿಯಾರ ತೋರಿಸಿ ಇಷ್ಟು ಸೆಕೆಂಡು ತೊಳೆಯಿರಿ ಎಂದು ಹೇಳಲಾದೀತೇ? ಅದಕ್ಕೆ ಕಾಕು ಬೆಳಗಾವಿಯಿಂದ ಲೋಂಡಾಕ್ಕೆ ಹೋಗುವ ರೈಲಿನ ಸ್ಟೇಷನ್ನುಗಳನ್ನು ಹಿಡಿದಳು. ಸಾಬೂನು ಹಚ್ಚಿ ಅಂಗೈ ಉಜ್ಜುವಾಗ ಬೆಳಗಾವಿ. ಮುಂಗೈ ಮೇಲೆ ದೇಸೂರು. ಬೆರಳ ಸಂದಿಯಲ್ಲಿ ಇದ್ದಲಹೊಂಡ. ಹೆಬ್ಬೆರಳಿಗೆ ಖಾನಾಪುರ, ನಮ್ಮೂರೆಂದು ಅಲ್ಲಿ ರೈಲು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ! ಉಗುರಿಗೆ ಗುಂಜಿ, ಮಣಿಕಟ್ಟಿಗೆ ಲೋಂಡಾ. ಲೋಂಡಾ ಮುಟ್ಟಿದ ಮೇಲೆಯೇ ನೀರು. ಕನ್ನಡದವರಿಗೂ ಮರಾಠಿಯವರಿಗೂ ಸ್ಟೇಷನ್ನಿನ ಹೆಸರು ಒಂದೇ ನೋಡಿ, ಭಾಷೆಯ ಜಗಳವೂ ಇಲ್ಲ. ಎಷ್ಟೋ ಊರಿನ ಮುದುಕಿಯರು ರೈಲು ಹತ್ತದಿದ್ದರೂ ಲೋಂಡಾದ ತನಕ ಬಾಯಿಪಾಠ ಹೇಳುತ್ತಾರೆ.

ಇಂಥವಳನ್ನು ಮದುವೆಮನೆಗೆ ಕರೆದರೆ ಗತಿ ಏನು? ಒಮ್ಮೆ ಬೀಗರ ಕಡೆಯ ಹಿರಿಯರೊಬ್ಬರು ಊಟಕ್ಕೆ ಕೂಡುವ ಮುನ್ನ ಬೆರಳ ತುದಿಗೆ ನೀರು ತೋರಿಸಿ ಬಂದರು. ಕಾಕು ಪಂಕ್ತಿಯ ನಡುವೆ ನಿಂತು, "ಮಾಮಾರ, ನೀವು ದೇಸೂರಿಗೇ ಇಳದ್ರಿ. ಗಾಡಿ ಇನ್ನೂ ಮುಂದ ಐತ್ರಿ" ಎಂದಳು. ಆ ಮಾಮಾ ಸಿಟ್ಟಿನಿಂದ ಎದ್ದವರು ನೆಟ್ಟಗೆ ನಲ್ಲಿಗೇ ಹೋಗಿ ತೊಳೆದುಕೊಂಡು ಬಂದು ಎರಡು ಹೋಳಿಗೆ ಹೆಚ್ಚು ತಿಂದರು.

ನನಗೆ ಹೆಣ್ಣು ನೋಡಲು ಹೋದಾಗಲೂ ಇದೇ ಕತೆ. ಎಲ್ಲರೂ "ಹಾಡಾಕ ಬರತೈತೇನು? ರೊಟ್ಟಿ ಬಡಿಯಾಕ ಬರತೈತೇನು?" ಎಂದು ಕೇಳುತ್ತಿದ್ದರೆ ಕಾಕು, "ಕೈ ತೊಳಕೊಂಡು ತೋರ್ಸವಾ" ಎಂದಳು. ಹುಡುಗಿ ತಬ್ಬಿಬ್ಬಾಗದೆ ಹಿತ್ತಲಿಗೆ ಹೋಗಿ ಉಗುರು, ಮಣಿಕಟ್ಟು ಎಲ್ಲಾ ತಿಕ್ಕಿ ತೊಳೆದಳು. "ಇಕಿನ್ನ ತಗೋರಿ" ಎಂದು ಕಾಕು ಅಲ್ಲೇ ತೀರ್ಪು ಕೊಟ್ಟಳು. ನನ್ನ ಕೈಯನ್ನು ಮಾತ್ರ ಅವತ್ತು ಯಾರೂ ಪರೀಕ್ಷೆ ಮಾಡಲಿಲ್ಲ. "ಡಾಕ್ಟರ್ ಹುಡುಗ, ಅವಂದೇನು ನೋಡೂದು?" ಅಂದುಕೊಂಡಿರಬೇಕು. ನೋಡಬೇಕಿತ್ತು!

ಬೆಳಗಾವಿಯ ರವಿವಾರ ಪೇಟೆಯ ಹೋಲ್‌ಸೇಲ್ ಅಂಗಡಿಯಿಂದ ಅವಳು ಕೆಂಪು ಸಾಬೂನನ್ನು ಪೆಟ್ಟಿಗೆಗಟ್ಟಲೆ ಒಯ್ಯುತ್ತಾಳೆ. ಅಂಗಡಿಯವ ಒಮ್ಮೆ ಕೇಳಿದ: "ಬಾಯಾರ, ನಿಮ್ಮ ಅಂಗಡಿ ಎಲ್ಲೈತ್ರಿ?"

"ಅಂಗಡಿ ಅಲ್ಲಪಾ, ಮನಿ."

"ಮನ್ಯಾಗ ಎಷ್ಟ ಮಂದಿ ಅದೀರಿ?"

"ನಾವಿಬ್ಬರು. ಕೈ ನಾಕು."

ಕೂಸಿನ ತೊಟ್ಟಿಲಿಗೂ ಅವಳ ಉಡುಗೊರೆ ಸಾಬೂನು, ಗೃಹಪ್ರವೇಶಕ್ಕೂ ಸಾಬೂನು. ಕರೋನಾ ಬಂದಾಗ ಜಗತ್ತೇ ಅವಳ ದಾರಿಗೆ ಬಂತು. ಟಿವಿಯಲ್ಲಿ ಮಂತ್ರಿಗಳೆಲ್ಲ ಕೈ ತೊಳೆದು ತೋರಿಸುವುದನ್ನು ನೋಡಿ, "ಈಗ ಶ್ಯಾಣ್ಯಾ ಆದ್ರು ನೋಡು" ಎಂದು ಕಾಕು ಹಿಗ್ಗಿದ್ದೇ ಹಿಗ್ಗಿದ್ದು. ರೋಗ ಹೋಯಿತು, ಜನರೂ ಹಳೆಯ ದಾರಿಗೆ ಹೋದರು.

ಹಾಗೆ ಹೋದವರಲ್ಲಿ ನಾನೂ ಒಬ್ಬ. ಈಗ ನನ್ನ ವಿಷಯಕ್ಕೆ ಬರಬೇಕು. ಇಲ್ಲಿಯವರೆಗೆ ಕಾಕುವನ್ನು ಮುಂದೆ ಮಾಡಿಕೊಂಡು ನಗಿಸಿದ್ದೇ ಇದನ್ನು ಆದಷ್ಟು ತಡ ಮಾಡಲಿಕ್ಕೆ.

ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಸರ್ಜನ್. ರಾಮತೀರ್ಥ ನಗರದಲ್ಲಿ ಮನೆ, ಬಾಗಿಲಿಗೆ ಹೆಸರಿನ ಫಲಕ. ಸಾಲದ್ದಕ್ಕೆ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಅಧ್ಯಕ್ಷ! ಹೇಗಾದೆ ಎಂದು ಕೇಳಬೇಡಿ. ಸಭೆಯ ನಡುವೆ ಫೋನ್ ಬಂತೆಂದು ಹೊರಗೆ ಹೋಗಿದ್ದೆ. ಒಳಗೆ ಬರುವಷ್ಟರಲ್ಲಿ ಅಧ್ಯಕ್ಷನಾಗಿದ್ದೆ. ಆದ ಮೇಲೆ ಕೈ ಕಟ್ಟಿ ಕೂಡಲಿಲ್ಲ. ಭಾಷಣ ಮಾಡಿದೆ, ಪರದೆಯ ಮೇಲೆ ಕ್ರಿಮಿಗಳ ಬಣ್ಣದ ಚಿತ್ರ ತೋರಿಸಿ ಹೆದರಿಸಿದೆ. ಪ್ರತಿ ಬೇಸಿನ್ನಿನ ಮೇಲೂ ನಾನು ನಗುನಗುತ್ತ ಕೈ ತೊಳೆಯುತ್ತಿರುವ ಪೋಸ್ಟರು ಅಂಟಿಸಿದರು. ಆ ಫೋಟೋ ತೆಗೆಯುವಾಗ ನಲ್ಲಿಯಲ್ಲಿ ನೀರಿರಲಿಲ್ಲ.

ಡಾಕ್ಟರರಿಗೆ ಗೊತ್ತಿಲ್ಲ ಎಂದು ತಿಳಿಯಬೇಡಿ. ಎಲ್ಲಾ ಗೊತ್ತು! ರೋಗಿಯನ್ನು ಮುಟ್ಟುವ ಮುಂಚೆ ತೊಳೆಯಬೇಕು, ಮುಟ್ಟಿದ ಮೇಲೆ ತೊಳೆಯಬೇಕು, ಕೈಗವಸು ಹಾಕಿದರೂ ತೊಳೆಯಬೇಕು. ಪ್ರಶ್ನೆಪತ್ರಿಕೆ ಕೊಟ್ಟರೆ ನಾವೆಲ್ಲ ಪಾಸು, ನಲ್ಲಿಯ ಹತ್ತಿರ ನಪಾಸು. ಆಪರೇಷನ್ ಥಿಯೇಟರಿನಲ್ಲಿ ಮೊಣಕೈ ತನಕ ತೊಳೆಯುವ ನಾವು ವಾರ್ಡಿಗೆ ಬಂದರೆ, 'ಹತ್ತು ನಿಮಿಷದಲ್ಲಿ ಇಪ್ಪತ್ತು ಹಾಸಿಗೆ ಮುಗಿಸಬೇಕು, ತೊಳೆಯುತ್ತ ಕೂತರೆ ಆದಂತೆಯೇ' ಅನ್ನುತ್ತೇವೆ. ನಮ್ಮಲ್ಲಿ ಸೋಂಕು ನಿಯಂತ್ರಣಕ್ಕೆಂದೇ ಒಬ್ಬ ಸಿಸ್ಟರ್ ಇದ್ದಾರೆ, ಕೈಯಲ್ಲಿ ಯಾವಾಗಲೂ ನೋಟ್‌ಬುಕ್ಕು. ಯಾರು ತೊಳೆದರು, ಯಾರು ಬಿಟ್ಟರು ಎಂದು ಗುರುತು ಹಾಕುತ್ತಾರೆ. ಅವರು ಕಂಡೊಡನೆ ಎಲ್ಲರೂ ಬೇಸಿನ್ನಿಗೆ ಮುಗಿಬೀಳುತ್ತಾರೆ, ಪೊಲೀಸನನ್ನು ಕಂಡು ಹೆಲ್ಮೆಟ್ ಹಾಕುವವರಂತೆ. ಅವರು ಮೂಲೆ ತಿರುಗಿದರೋ, ಹೆಲ್ಮೆಟ್ ಮತ್ತೆ ಹ್ಯಾಂಡಲ್ಲಿಗೆ!

ಹೋದ ವರ್ಷ ಕಾಕುವಿಗೆ ಹೊಕ್ಕುಳ ಹತ್ತಿರ ಹರ್ನಿಯಾ ಆಯಿತು. ಸ್ವಂತದವರ ಮೇಲೆ ಸ್ವತಃ ಕತ್ತಿ ಹಿಡಿಯಬಾರದು ಎಂಬ ಮಾತು ನಮ್ಮಲ್ಲಿದೆ. ನನ್ನ ಗೆಳೆಯ ಮಾಡುತ್ತಾನೆ ಎಂದೆ. ಕೇಳಿದರೆ ತಾನೇ?

"ನೀನೇ ಮಾಡಬೇಕು. ನೀ ತೊಳಕೊಳ್ಳಾಕ ಕಲತದ್ದು ನನ್ನ ಕಡೆ."

ಖರೇ ಮಾತು. ಬೇಸಿಗೆಯ ರಜೆಯಲ್ಲಿ ಖಾನಾಪುರಕ್ಕೆ ಹೋದಾಗಲೆಲ್ಲ ಅವಳ ಹಿತ್ತಲಿನ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ನಾನೂ ಲೋಂಡಾ ಮುಟ್ಟಿದವನೇ.

ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದ ಮರುದಿನದಿಂದ ವಾರ್ಡು ಕಾಕುವಿನ ಆಳ್ವಿಕೆಗೆ ಬಂತು. ಅವಳ ಹಾಸಿಗೆ ಬಾಗಿಲ ಬಾಜು, ಎದುರಿಗೇ ಬೇಸಿನ್ನು. ಇನ್ನೇನು ಬೇಕು? ಬಿ.ಪಿ. ನೋಡಲು ಬಂದ ಹಿರಿಯ ಫಿಜಿಷಿಯನ್‌ಗೆ, "ಡಾಕ್ಟರ್ರ, ಯಾವ ಸ್ಟೇಷನ್ನಿನಿಂದ ಬಂದ್ರಿ?" ಎಂದು ಕೇಳಿದಳು. ಅವರು ಪಾಪ, "ನಾನು ಹುಬ್ಬಳ್ಳಿಯವನು" ಎಂದರು. ವಾರ್ಡೆಲ್ಲ ಬಿದ್ದು ಬಿದ್ದು ನಕ್ಕಿತು. ಇನ್ನೊಬ್ಬರ ಕೊರಳಲ್ಲಿ ಜೋತಾಡುತ್ತಿದ್ದ ಸ್ಟೆತಾಸ್ಕೋಪು ಹಿಡಿದು, "ಇದರ ಜಳಕ ಯಾವ ವಾರ್ರೀ?" ಎಂದಳು. ಮುಂಗೈಗೆ ಹತ್ತು ಗುಡಿಯ ದಾರ ಕಟ್ಟಿಕೊಂಡಿದ್ದ ಕಿರಿಯ ಡಾಕ್ಟರನಿಗೆ, "ದೇವ್ರು ನಿನ್ನ ಕಾಯತಾನ ಖರೇ, ನನ್ನ ಯಾರು ಕಾಯಬೇಕು? ಬಿಚ್ಚಿ ಕಿಸೇದಾಗ ಇಡಪಾ" ಎಂದಳು. ಅವನು ಬಿಚ್ಚಿ ಇಟ್ಟ!

ಮೂರನೆಯ ದಿನಕ್ಕೆ ಯಾರಾದರೂ ಬೇಸಿನ್ನಿನ ಮುಂದೆ ನಿಂತರೆ ವಾರ್ಡಿನ ಹೆಂಗಸರೆಲ್ಲ ಕೂಡಿ "ದೇಸೂರ! ಇದ್ದಲಹೊಂಡಾ!" ಎಂದು ಕೂಗತೊಡಗಿದರು. ನಡುವೆ ನೀರು ಬಿಟ್ಟರೆ ಗದ್ದಲ. ಕೆಲವು ಡಾಕ್ಟರರು ಆ ಬಾಗಿಲು ತಪ್ಪಿಸಿ ಹಿಂದಿನ ಮೆಟ್ಟಿಲು ಹತ್ತತೊಡಗಿದರು. ನೋಟ್‌ಬುಕ್ ಸಿಸ್ಟರ್ ನನ್ನ ಹತ್ತಿರ ಬಂದು, "ಸರ್, ಇವರನ್ನ ಡಿಸ್ಚಾರ್ಜ್ ಮಾಡಬ್ಯಾಡ್ರಿ" ಎಂದು ಬೇಡಿಕೊಂಡರು.

ನಾನು ಎಲ್ಲರಿಗೂ "ನಮ್ಮ ಕಾಕು" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದೆ.

ನಾಲ್ಕನೆಯ ದಿನ ಮುಂಜಾನೆ ರೌಂಡ್ಸಿಗೆ ಬಂದೆ. ಹಿಂದೆ ಆರೇಳು ವಿದ್ಯಾರ್ಥಿಗಳು, ಪಕ್ಕದಲ್ಲಿ ವಾರ್ಡಿನ ನರ್ಸ್. ಕಾಕುವಿನ ಪಕ್ಕದ ಹಾಸಿಗೆಯಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ, ಕಾಲಿನ ಗಾಯದಲ್ಲಿ ಕೀವು. ಕೈಗವಸು ಹಾಕಿಕೊಂಡು ಗಾಯದ ಪಟ್ಟಿ ಬಿಚ್ಚಿ ನೋಡಿ ಪಾಠ ಹೇಳುತ್ತಿದ್ದೆ. ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಆ ಕೈಗವಸಿನ ಕೈಯಿಂದಲೇ ಫೋನ್ ತೆಗೆದೆ, ಮಾತಾಡಿದೆ. ಕೈಗವಸು ಕಿತ್ತು ಬುಟ್ಟಿಗೆ ಎಸೆದೆ. ಅದೇ ಫೋನನ್ನು ಬರಿಗೈಯಲ್ಲಿ ಹಿಡಿದು ಕಿಸೆಗೆ ಹಾಕಿ ಎರಡು ಹೆಜ್ಜೆ ಇಟ್ಟರೆ ಕಾಕುವಿನ ಹಾಸಿಗೆ. ಬೇಸಿನ್ನಿಗೂ ಎರಡೇ ಹೆಜ್ಜೆ. ನಾನು ಹಾಸಿಗೆಯ ಕಡೆಗೆ ಹೋದೆ. ಬೆರಳಿನಿಂದ ಪಟ್ಟಿಯ ಅಂಚು ಎತ್ತಿ, ಹೊಲಿಗೆಯ ಮೇಲೆ ಒತ್ತಿ ನೋಡಿ, "ಫಸ್ಟ್‌ಕ್ಲಾಸ್ ಐತಿ ಕಾಕು" ಎಂದೆ.

ಕಾಕುವಿನ ಕಣ್ಣು ನನ್ನ ಕೈಯ ಮೇಲಿತ್ತು. ಬಾಯಿ ತೆರೆದಳು. ನನ್ನ ಹಿಂದೆ ನಿಂತ ಹುಡುಗರನ್ನು ನೋಡಿದಳು, ಬಾಯಿ ಮುಚ್ಚಿ ಸೀರೆ ಸರಿಮಾಡಿಕೊಂಡಳು. ನನಗೆ ಅವಳ ನೋಟ ಕಂಡಿತ್ತು, ಅರ್ಥವೂ ಆಗಿತ್ತು. 'ಬಚಾವಾದೆ' ಎಂದುಕೊಂಡು ಮುಂದಿನ ಹಾಸಿಗೆಗೆ ಹೋದೆ. ಬರೆಯಲು ಹೇಸಿಗೆಯಾಗುತ್ತದೆ, ಆದರೂ ಅಂದುಕೊಂಡದ್ದು ಅದೇ.

ಎರಡು ದಿನ ಬಿಟ್ಟು ಕಾಕುವಿಗೆ ಜ್ವರ ಏರಿತು. ಹೊಲಿಗೆಯ ಸುತ್ತ ಕೆಂಪಾಗಿ, ಮುಟ್ಟಿದರೆ ಚೀರುವಷ್ಟು ನೋವು. ಎರಡು ಹೊಲಿಗೆ ಬಿಚ್ಚಿದೆ, ಕೀವು ಬಂತು. ಅಜ್ಜಿಯ ಗಾಯದಲ್ಲಿದ್ದ ಕ್ರಿಮಿಯೇ ಕಾಕುವಿನ ಗಾಯದಲ್ಲೂ ಇದೆ ಎಂದು ಲ್ಯಾಬಿನವರು ಬರೆದು ಕಳಿಸಿದರು. ಎರಡು ಹಾಸಿಗೆಯ ನಡುವೆ ಅದು ತಾನಾಗಿ ನಡೆದುಕೊಂಡು ಬಂದಿರಲಾರದು. ಯಾರ ಕೈ ಹಿಡಿದು ಬಂತು?

ಇದರ ವಿಚಾರಣೆಗೆ ಸಮಿತಿ ಕೂಡಿತು. ಅಧ್ಯಕ್ಷ ಯಾರು? ನಾನೇ! ಕಳ್ಳನನ್ನೇ ಪಂಚರ ನಡುವೆ ದಿಂಬು ಕೊಟ್ಟು ಕೂರಿಸಿದ ಹಾಗೆ. ಇಬ್ಬರ ಪಟ್ಟಿಯನ್ನೂ ದಿನಾ ಬದಲಿಸುತ್ತಿದ್ದವಳು ವಾರ್ಡಿನ ನರ್ಸ್, ತಪ್ಪು ಅವಳದೇ ಎಂದು ಎಲ್ಲರೂ ಚಹಾ ಮುಗಿಯುವಷ್ಟರಲ್ಲಿ ತೀರ್ಮಾನಿಸಿದರು. "ನರ್ಸ್‌ಗಳಿಗೆ ಇನ್ನಷ್ಟು ತರಬೇತಿ ಬೇಕು" ಎಂದರೊಬ್ಬರು. ನಾನು ತಲೆಯಾಡಿಸಿದೆ. ತರಬೇತಿ ಕೊಡುವವನೂ ನಾನೇ ಎಂದು ಠರಾವಾಯಿತು. ಅವಳಿಗೆ ಕೊಡುವ ಮೆಮೋಗೆ ನನ್ನ ಸಹಿ ಬೇಕಿತ್ತು. ರೋಗಿಯನ್ನು ಒಮ್ಮೆ ಕೇಳಿ ಆಮೇಲೆ ಸಹಿ ಮಾಡೋಣ ಎಂದೆ. ನ್ಯಾಯಕ್ಕಾಗಿ ಅಲ್ಲ, ಆ ಕಾಗದ ಮುಟ್ಟಲು ಕೈ ಬರಲಿಲ್ಲ, ಅದಕ್ಕೆ.

ನೋಟ್‌ಬುಕ್ ಸಿಸ್ಟರ್ ಕಾಕುವಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ನಾನು ಕಾಲ ಕಡೆ ನಿಂತಿದ್ದೆ. ನರ್ಸ್ ಔಷಧದ ಗಾಡಿ ಹಿಡಿದುಕೊಂಡು ಗೋಡೆಗೆ ಒರಗಿದ್ದಳು.

"ಬಾಯಾರ, ನಿಮ್ಮ ಗಾಯಾ ಯಾರರ ಕೈ ತೊಳೀದ ಮುಟ್ಟಿದ್ರೇನ್ರಿ? ನಿಮ್ಮ ಕಣ್ಣ ತಪ್ಪಿಸಿ ಏನೂ ಆಗಂಗಿಲ್ಲ."

ಕಾಕು ಗೋಡೆಗೆ ಒರಗಿದ್ದ ನರ್ಸ್ ಕಡೆ ನೋಡಿದಳು.

"ಮುಟ್ಟಿದ್ರು."

"ಯಾರ್ರಿ?"

"ನಾನೇ. ಅಜ್ಜಿಗೆ ಕಾಲು ಸರಿಸಿ ಕೊಟ್ಟೆ. ಆಮ್ಯಾಲ ಪಟ್ಟಿ ಒಳಗ ಕಡೀತು, ಕೆರಕೊಂಡೆ. ಕೈ ತೊಳಕೊಂಡಿದ್ದಿಲ್ಲ. ಬರಕೋರಿ."

ಮೂಲೆಯ ಹಾಸಿಗೆಯ ಹೆಂಗಸು, "ಅಯ್ಯ ಬಾಯಾರ! ಮಂದೀಗೆಲ್ಲಾ ಲೋಂಡಾತನಕಾ ಕಳಸ್ತಿದ್ರಿ, ನೀವೇ ಗಾಡಿ ಹತ್ತಲಿಲ್ಲೇನು?" ಎಂದಳು. ಎಲ್ಲರೂ ನಕ್ಕರು. ಕಾಕುವೂ ನಕ್ಕಳು. "ವಯಸ್ಸಾತವಾ, ಮರವು ಬರತೈತಿ" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನೋಟ್‌ಬುಕ್ಕಿನಲ್ಲಿ ಬರೆದಾಯಿತು: ರೋಗಿ ತಾನೇ ತೊಳೆಯದ ಕೈಯಿಂದ ಮುಟ್ಟಿಕೊಂಡಿದ್ದಾರೆ. ತನ್ನ ಮನೆಯ ನೀರಿನ ಕೊಡವನ್ನೂ ಕೈ ತೊಳೆಯದೆ ಮುಟ್ಟದ ಹೆಂಗಸಿನ ಹೆಸರಿನ ಮುಂದೆ ಹಾಗೆ ಬರೆದರು. ನಾನು ನಿಂತು ನೋಡಿದೆ. ಬಾಯಿ ತೆರೆಯಲಿಲ್ಲ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಅಷ್ಟು ಸಣ್ಣವನಾಗಿ ನಾನೆಂದೂ ನಿಂತಿರಲಿಲ್ಲ.

ಸಂಜೆ ಒಬ್ಬನೇ ಹೋಗಿ ಸ್ಟೂಲಿನ ಮೇಲೆ ಕೂತೆ.

"ಯಾಕ ಸುಳ್ಳ ಹೇಳಿದಿ ಕಾಕು?"

"ಮೆಮೋದ ಸುದ್ದಿ ವಾರ್ಡಿಗೆಲ್ಲಾ ಗೊತ್ತೈತಿ. ಆ ನರ್ಸಬಾಯಿಗೆ ಎರಡ ಸಣ್ಣ ಹುಡುಗರದಾವಂತ. ನಿನಗ ಊರಾಗ ಹೆಸರೈತಿ. ನಾ ರಿಟೈರ್ ಆದಾಕಿ, ನನ್ನದೇನು ಹೋಗತೈತಿ?"

"ಅವತ್ತರ ಯಾಕ ಸುಮ್ಮನಿದ್ದಿ? ಎಲ್ಲಾರಿಗೂ ಬೈತಿದ್ದಿ. ನನಗೊಂದು ಮಾತು ಅಂದಿದ್ದರ..."

ಕಾಕು ಹೊದಿಕೆಯ ದಾರ ಎಳೆಯುತ್ತ ಕೂತಳು. "ಅದೇ ನಂದು ತಪ್ಪು, ತಮ್ಮಾ. ಹಿಂದ ನಿನ್ನ ಹುಡುಗರು ನಿಂತಿದ್ರು. ಅವರ ಮುಂದ ನಿನಗ ಹ್ಯಾಂಗ ಅನ್ನಲಿ ಅಂತ ಬಿಟ್ಟೆ. ಮೂವತ್ತು ವರ್ಷ ಯಾರ ಮಾರಿನೂ ನೋಡಲಿಲ್ಲ ನಾ. ಡಾಕ್ಟರ್ ಇರಲಿ, ಗೌಡ್ರು ಇರಲಿ, ಕೈ ನೋಡಿದೆ, ಮಾರಿ ನೋಡಲಿಲ್ಲ. ಅವತ್ತೊಂದಿನ ನಿನ್ನ ಮಾರಿ ನೋಡಿದೆ."

ಇಷ್ಟು ಹೇಳಿ ಅವಳು ಮುಖ ತಗ್ಗಿಸಿದಳು. ತಪ್ಪು ಮಾಡಿದವನು ನಾನು, ತಲೆ ತಗ್ಗಿಸಿದವಳು ಅವಳು! ಮನೆಗೆ ಹೋಗಿ ಹೆಂಡತಿಗೆ ಎಲ್ಲಾ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ನನ್ನ ತಟ್ಟೆಗೆ ರೊಟ್ಟಿ ಹಾಕಿ ಒಳಗೆ ಹೋದಳು. ಬೈದಿದ್ದರೆ ಊಟ ಇಳಿಯುತ್ತಿತ್ತೇನೋ.

ಮರುದಿನ ರೌಂಡ್ಸಿನಲ್ಲಿ ಅದೇ ವಿದ್ಯಾರ್ಥಿಗಳು, ಅದೇ ನರ್ಸ್. ನೋಟ್‌ಬುಕ್ ಸಿಸ್ಟರನ್ನೂ ಕರೆಸಿದೆ. ಭಾಷಣಕ್ಕೆ ನಿಂತರೆ ಒಂದು ಗಂಟೆ ಇಳಿಯದ ನಾನು ಎರಡು ವಾಕ್ಯಕ್ಕೆ ಮೂರು ಸಲ ಕೆಮ್ಮಿದೆ. "ಇವರ ಗಾಯವನ್ನು ಕೈ ತೊಳೆಯದೆ ಮುಟ್ಟಿದವನು ನಾನು. ಅಜ್ಜಿಯ ಗಾಯ ಮುಟ್ಟಿದ ಮೇಲೆ ನಾನು ಬೇಸಿನ್ನಿಗೆ ಹೋಗಲಿಲ್ಲ, ನೀವೆಲ್ಲ ಇಲ್ಲೇ ಇದ್ದಿರಿ" ಎಂದೆ.

ಯಾರಿಗೂ ಆಶ್ಚರ್ಯವಾಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ವಿದ್ಯಾರ್ಥಿಗಳು ನೆಲ ನೋಡಿದರು. ನರ್ಸ್ ಮೆಲ್ಲಗೆ, "ನಾ ನೋಡಿದ್ನಿರಿ ಸರ್. ಡಾಕ್ಟರಿಗೆ ಹ್ಯಾಂಗ ಹೇಳೂದು ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ತನಗೆ ಬರಲಿದ್ದ ಮೆಮೋದ ವಿಷಯ ಅವಳಿಗೆ ಗೊತ್ತಿತ್ತು. ಆದರೂ ಹೇಳಿರಲಿಲ್ಲ. ಎಲ್ಲರೆದುರು ಅವಳ ಕ್ಷಮೆ ಕೇಳಿದೆ. ಅವಳು "ಇರಲಿ ಬಿಡ್ರಿ" ಎಂದಳು, ನನ್ನ ಕಡೆ ನೋಡಲಿಲ್ಲ. ಸಿಸ್ಟರ್ ನಿನ್ನೆಯ ಸಾಲು ಹೊಡೆದು ಹಾಕಿ ನನ್ನ ಹೆಸರು ಬರೆದರು. ಅವತ್ತೇ ಅಧ್ಯಕ್ಷತೆಯನ್ನು ಬೇರೆಯವರಿಗೆ ಒಪ್ಪಿಸಿದೆ. ಯಾರೂ ಬೇಡ ಅನ್ನಲಿಲ್ಲ.

ಕಾಕು ಮಾತ್ರ ಕೆಂಡವಾಗಿದ್ದಳು. "ಎಲ್ಲಾರ ಮುಂದ ನನ್ನ ಸುಳ್ಳಬುರಕಿ ಮಾಡಿದೆಲ್ಲೋ! ಇನ್ನ ಈ ಮಂದಿ ನನ್ನ ಮಾತ ಕೇಳತಾರೇನು?" ವಾರ್ಡಿನ ಹೆಂಗಸರು ಕೇಳುತ್ತೇವೆಂದು ಆಣೆ ಮಾಡಿದ ಮೇಲೆ ತಣ್ಣಗಾದಳು.

ಅಷ್ಟರಲ್ಲಿ ನರ್ಸ್ ಪಟ್ಟಿ ಬದಲಿಸುವ ತಟ್ಟೆ ತಂದಳು. ಕಾಕು ಕೈ ಅಡ್ಡ ಹಿಡಿದಳು.

"ನೀ ಇರವಾ. ಇವತ್ತ ಅಂವಾ ಮಾಡ್ಲಿ."

ಹುಡುಗರು ನನ್ನನ್ನೇ ನೋಡುತ್ತಿದ್ದರು. ನಾನು ಬೇಸಿನ್ನಿಗೆ ಹೋದೆ. ಬೆನ್ನಿನ ಹಿಂದೆ ಅವಳ ಎರಡು ಕಣ್ಣು ಇವೆ ಎಂದುಕೊಂಡೇ ಸಾಬೂನು ಹಚ್ಚಿದೆ. ಬೆರಳ ಸಂದಿ, ಉಗುರು, ಮಣಿಕಟ್ಟು, ಒಂದನ್ನೂ ಬಿಡಲಿಲ್ಲ. ಕೈಗಳನ್ನು ಮೇಲೆತ್ತಿ ಹಿಡಿದು ತಿರುಗಿದರೆ ಕಾಕು ಹೊಟ್ಟೆಯ ಮೇಲಿನ ಸೀರೆ ಸರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಮಲಗಿದ್ದಳು.

"ಕಾಕು, ನೋಡಲಿಲ್ಲೇನು?"

"ಏನ್ ನೋಡೂದೈತಿ?" ಎಂದಳು, ಕಣ್ಣು ತೆರೆಯದೆ. "ಮಾಡು, ತಮ್ಮಾ."